ಹಳೇ ಕಾಲದ ಕ್ರೈಮ್ ಕಾಮಿಡಿ ಸಿನಿಮಾದಲ್ಲಿ ಜಾಝ್ ಯಾವ್ದು, ಸ್ವಿಂಗ್ ಯಾವ್ದು: ಕೇಳಿ ಗುರುತಿಸೋದು ಹೇಗೆ

1920-30ರ ಅಮೆರಿಕದಲ್ಲಿ ನಡೆಯೋ ಗ್ಯಾಂಗ್‌ಸ್ಟರ್ ಕಾಮಿಡಿಗಳನ್ನ ನೋಡಿದವರು ತುಂಬಾ ಜನ ಒಂದೇ ಪ್ರಶ್ನೆ ಕೇಳ್ತಾನೇ ಇರ್ತಾರೆ. ಅದ್ರಲ್ಲಿ ಬರೋ ಮ್ಯೂಸಿಕ್ ಜಾಝಾ, ಸ್ವಿಂಗಾ, ಎರಡೂ ಒಂದೇನಾ, ಕಥೆ ನಡೆಯೋ ಕಾಲಕ್ಕೆ ಆ ಮ್ಯೂಸಿಕ್ ಸರಿಯಾಗಿದೆಯಾ ಇಲ್ವಾ ಅಂತ ನಮ್ಮಂಥ ಸಾಮಾನ್ಯ ಕೇಳುಗರಿಗೆ ಹೇಗೆ ಗೊತ್ತಾಗ್ಬೇಕು? ಇದಕ್ಕೆ ಸಂಗೀತ ಕಲಿತಿರ್ಬೇಕು ಅಂತೇನಿಲ್ಲ. ಕಿವಿಯನ್ನ ಮೇಲಿಂದ ಕೆಳಗೆ ಇಳಿಸ್ಬೇಕು ಅಷ್ಟೇ, ಅಂದ್ರೆ ಹಾಡೋ ದನಿ, ಟ್ರಂಪೆಟ್ ಇವನ್ನ ಸ್ವಲ್ಪ ಹೊತ್ತು ಬಿಟ್ಟು ತಳದಲ್ಲಿ ಏನು ನಡೀತಿದೆ ಅಂತ ಕೇಳ್ಬೇಕು. ಕಾಲದ ಗುಟ್ಟೆಲ್ಲ ಅಲ್ಲೇ ಇರೋದು.

ಇಲ್ಲಿ ಪಾಠಕ್ಕೆ ಒಂದೇ ಸಿನಿಮಾ ತಗೊಂಡಿದೀನಿ, 1959ರ ಸಮ್ ಲೈಕ್ ಇಟ್ ಹಾಟ್. ಬಿಲ್ಲಿ ವೈಲ್ಡರ್ ನಿರ್ದೇಶನ, ಮರ್ಲಿನ್ ಮನ್ರೋ, ಟೋನಿ ಕರ್ಟಿಸ್, ಜ್ಯಾಕ್ ಲೆಮನ್ ಇದಾರೆ. 1929ರ ಶಿಕಾಗೋದಲ್ಲಿ ಕೆಲಸ ಕಳ್ಕೊಂಡ ಇಬ್ಬರು ವಾದ್ಯಗಾರರು ಗ್ಯಾಂಗ್‌ಸ್ಟರ್‌ಗಳು ಮಾಡೋ ಕೊಲೆಗಳನ್ನ ಕಣ್ಣಾರೆ ನೋಡಿಬಿಡ್ತಾರೆ, ಜೀವ ಉಳಿಸ್ಕೊಳ್ಳೋಕೆ ಹೆಂಗಸರ ವೇಷ ಹಾಕಿ, ಬರೀ ಹೆಂಗಸರೇ ಇರೋ ಬ್ಯಾಂಡಿಗೆ ಸೇರ್ಕೊಂಡು ಫ್ಲೋರಿಡಾ ರೈಲು ಹತ್ತುತ್ತಾರೆ. ಇನ್ನೂ ನೋಡಿಲ್ಲ ಅಂದ್ರೆ ಮೊದಲು ಹೋಗಿ ನೋಡ್ಕೊಂಡು ಬನ್ನಿ, ಮುಂದೆ ಕೆಲವು ದೃಶ್ಯಗಳ ಗುಟ್ಟು ಬಿಟ್ಕೊಡ್ತೀನಿ.

ಏನೇನು ಬೇಕು

ಒಂದು ಹೆಡ್‌ಫೋನ್, ಒಂದು ನೋಟ್‌ಬುಕ್, ಸಿನಿಮಾನ ಎರಡು ಸಲ ನೋಡೋ ಪುರುಸೊತ್ತು. ಫೋನ್ ಸ್ಪೀಕರಲ್ಲಿ ಕೇಳ್ಬೇಡಿ, ಅದ್ರಲ್ಲಿ ಬೇಸ್, ಅಂದ್ರೆ ತಳದ ದಪ್ಪ ಸದ್ದು, ಬರೋದೇ ಇಲ್ಲ, ನಾವು ಮುಖ್ಯವಾಗಿ ಕೇಳ್ಬೇಕಿರೋದು ಅದನ್ನೇ. ಮೊದಲನೇ ಸಲ ಸುಮ್ನೆ ಕಥೆಗೋಸ್ಕರ ನೋಡಿ ನಕ್ಕುಬಿಡಿ. ನಗು ತೀರದೆ ಕಿವಿ ಕೆಲಸ ಮಾಡಲ್ಲ, ಅದೂ ಈ ಸಿನಿಮಾದಲ್ಲಂತೂ.

ಹಂತ 1: ಎರಡು ಇಸವಿ ಬರ್ಕೊಳ್ಳಿ

ಕಥೆ ನಡೆಯೋ ಇಸವಿ ಒಂದು, ಸಿನಿಮಾ ಬಂದ ಇಸವಿ ಇನ್ನೊಂದು. ನಮ್ಮ ಸಿನಿಮಾಗೆ 1929 ಮತ್ತು 1959. ಇದು ಮುಖ್ಯ ಯಾಕಂದ್ರೆ ಹಾಡು 1920ರ ದಶಕದ್ದೇ ಆಗಿದ್ರೂ ಅದನ್ನ ನುಡಿಸಿ ರೆಕಾರ್ಡ್ ಮಾಡಿದ್ದು ಮೂವತ್ತು ವರ್ಷ ಆದ್ಮೇಲೆ, ಹಾಗಾಗಿ ನಮ್ಮ ಕಿವಿಗೆ ಎರಡು ಕಾಲಾನೂ ಒಟ್ಟಿಗೇ ಬೀಳತ್ತೆ.

ಪಕ್ಕದಲ್ಲಿ ಇಷ್ಟು ಕಾಲಗಣನೆ ಇಟ್ಕೊಳ್ಳಿ. 1890ರ ದಶಕದಿಂದ ಸುಮಾರು 1917ರವರೆಗೆ ರ‍್ಯಾಗ್‌ಟೈಮ್, ಅಂದ್ರೆ ಹೆಚ್ಚಾಗಿ ಪಿಯಾನೋಗೆ ಅಂತ ಬರೆದಿಟ್ಟು ನುಡಿಸೋ ಸಂಗೀತ. 1917ರಲ್ಲಿ ಮೊದಲ ಜಾಝ್ ರೆಕಾರ್ಡ್ ಬಂತು. 1920ರ ದಶಕ ಪೂರ್ತಿ ನ್ಯೂ ಆರ್ಲಿನ್ಸ್ ಮತ್ತು ಶಿಕಾಗೋ ಶೈಲಿಯ ಜಾಝ್, ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1922ರಲ್ಲಿ ಕಿಂಗ್ ಆಲಿವರ್ ಬ್ಯಾಂಡ್ ಸೇರೋಕೆ ಶಿಕಾಗೋಗೆ ಬಂದಿದ್ದು, 1925ರಿಂದ 28ರವರೆಗೆ ಅವರದ್ದೇ ಚಿಕ್ಕ ತಂಡ ಹಾಟ್ ಫೈವ್‌ನ ರೆಕಾರ್ಡ್‌ಗಳು, ಎಲ್ಲ ಇದೇ ಕಾಲ. ಸ್ವಿಂಗ್ ಯುಗ ಶುರುವಾಗಿದ್ದು 1935ರ ಆಗಸ್ಟ್ 21ರಂದು ಅಂತ ಸಾಮಾನ್ಯವಾಗಿ ಹೇಳ್ತಾರೆ, ಅವತ್ತು ಲಾಸ್ ಏಂಜಲೀಸ್‌ನ ಪಾಲೋಮಾರ್ ಬಾಲ್‌ರೂಮಲ್ಲಿ ಬೆನ್ನಿ ಗುಡ್‌ಮನ್ ಬ್ಯಾಂಡಿಗೆ ಜನ ಹುಚ್ಚೆದ್ದು ಕುಣಿದ್ರು. ಆ ರೀತಿ ನುಡಿಸೋದು ಅದಕ್ಕೂ ಮುಂಚೆ ಇತ್ತು, ಫ್ಲೆಚರ್ ಹೆಂಡರ್ಸನ್ ಬ್ಯಾಂಡ್ ವರ್ಷಗಟ್ಟಲೆ ಮಾಡ್ತಿತ್ತು, ಆದ್ರೆ ದೇಶಕ್ಕೆ ದೇಶಾನೇ ಕುಣಿಯೋಕೆ ಶುರು ಮಾಡಿದ್ದು ಆಗ. ಅಂದ್ಮೇಲೆ ಸ್ವಿಂಗ್ ಅನ್ನೋದು ಜಾಝ್ ಬಿಟ್ಟು ಬೇರೆ ಏನೋ ಅಲ್ಲ, ಜಾಝ್‌ನದ್ದೇ ಒಂದು ಘಟ್ಟ. 1929ರ ಕಥೇಲಿ ದೊಡ್ಡ ಸ್ವಿಂಗ್ ಬ್ಯಾಂಡ್ ಸದ್ದು ಕೇಳಿದ್ರೆ ನೋಟ್‌ಬುಕ್ಕಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕ್ಕೊಳ್ಳಿ.

ಹಂತ 2: ಗ್ಯಾಂಗ್‌ಸ್ಟರ್‌ಗೂ ಜಾಝ್‌ಗೂ ಏನು ನಂಟು ಅಂತ ತಿಳ್ಕೊಳ್ಳಿ

ಇದನ್ನ ಬಿಟ್ಬಿಟ್ರೆ ಮ್ಯೂಸಿಕ್ ಬರೀ ಅಲಂಕಾರ ಅನ್ಸಿಬಿಡತ್ತೆ. ಅಮೆರಿಕದಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ದೇಶದ ತುಂಬ ಪಾನನಿಷೇಧ ಇತ್ತು. ಕುಡಿಯೋರು ನಿಲ್ಲಿಸ್ಲಿಲ್ಲ, ಸ್ಪೀಕ್‌ಈಸಿ ಅಂತ ಕದ್ದುಮುಚ್ಚಿ ಹೆಂಡ ಮಾರೋ ಅಡ್ಡೆಗಳು ಊರೂರಲ್ಲಿ ಎದ್ದವು. ಅಡ್ಡೆ ನಡೆಸೋರು ಗ್ಯಾಂಗ್‌ಸ್ಟರ್‌ಗಳು, ಗಿರಾಕಿಗಳು ಕೂತ್ಕೊಳ್ಳೋಕೆ ಬ್ಯಾಂಡ್ ಬೇಕು, ಬ್ಯಾಂಡ್‌ನೋರಿಗೆ ಹೊಟ್ಟೆಪಾಡಿಗೆ ಕೆಲಸ ಬೇಕು. ನ್ಯೂಯಾರ್ಕಿನ ಕಾಟನ್ ಕ್ಲಬ್ ಓನಿ ಮ್ಯಾಡನ್ ಅನ್ನೋ ಗ್ಯಾಂಗ್‌ಸ್ಟರ್‌ದು, ಹೆಸರಾಂತ ಜಾಝ್ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ 1927ರ ಡಿಸೆಂಬರಿಂದ ಅಲ್ಲಿ ನುಡಿಸ್ತಿದ್ರು. ಆ ಕಾಲದ ಅತ್ಯುತ್ತಮ ಸಂಗೀತಗಾರರಿಗೆ ಸಂಬಳ ಕೊಟ್ಟ ಕೈ ಎಷ್ಟೋ ಸಲ ಕೊಲೆಗಾರರ ಕೈಯೇ.

ಸಿನಿಮಾದ ಶುರುವಲ್ಲಿ ಶವ ಸಾಗಿಸೋ ಗಾಡೀಲಿ ಬಾಟ್ಲಿ ಬರತ್ತೆ, ಅಡ್ಡೆ ಇರೋದು ಅಂತ್ಯಸಂಸ್ಕಾರದ ಅಂಗಡಿ ಹಿಂದೆ, ವಿಸ್ಕಿ ಕೊಡೋದು ಕಾಫಿ ಕಪ್ಪಲ್ಲಿ. ಪೊಲೀಸ್ ರೈಡ್ ಆದ ತಕ್ಷಣ ನಮ್ಮ ಇಬ್ಬರು ವಾದ್ಯಗಾರರ ಕೆಲಸ ಹೋಯ್ತು, ಅಲ್ಲಿಂದಲೇ ಕಥೆ. ಅವರು ನೋಡೋ ಕೊಲೆಗಳಿಗೂ ನಿಜವಾದ ಘಟನೆಯೇ ಮೂಲ, 1929ರ ಫೆಬ್ರವರಿ 14ರಂದು ಶಿಕಾಗೋದ ಒಂದು ಗ್ಯಾರೇಜಲ್ಲಿ ಏಳು ಜನರನ್ನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದಿದ್ರು.

ಹಂತ 3: ತಳದ ಸದ್ದು ಹಿಡೀರಿ

ಇದೇ ಎಲ್ಲಕ್ಕಿಂತ ಮುಖ್ಯ ಹಂತ, ಇದಕ್ಕೆ ಎಷ್ಟು ಸಮಯ ಕೊಟ್ರೂ ಕಮ್ಮಿ. ಬ್ಯಾಂಡಲ್ಲಿ ತಳದ ಸ್ವರ ಕೊಡೋರು ಯಾರು, ತಾಳಕ್ಕೆ ತಂತಿ ಮೀಟೋರು ಯಾರು ಅಂತ ನೋಡಿ.

1920ರ ದಶಕದ ಡ್ಯಾನ್ಸ್ ಬ್ಯಾಂಡ್‌ಗಳಲ್ಲಿ ಹೆಚ್ಚಾಗಿ ಟ್ಯೂಬಾ, ಅದು ಊದೋ ದೊಡ್ಡ ಹಿತ್ತಾಳೆ ವಾದ್ಯ, ಜೊತೆಗೆ ಬ್ಯಾಂಜೋ ಅನ್ನೋ ತಂತಿವಾದ್ಯ. ನಾಲ್ಕು ಎಣಿಕೇಲಿ ಟ್ಯೂಬಾ ಒಂದು ಮತ್ತು ಮೂರಕ್ಕೆ ಊದತ್ತೆ, ಯಾಕಂದ್ರೆ ಊದೋರಿಗೆ ಉಸಿರು ತಗೊಳ್ಳೋಕೂ ಸಮಯ ಬೇಕಲ್ಲ, ಬ್ಯಾಂಜೋ ಟಣ್ ಟಣ್ ಅಂತ ಒಣಗಿದ ಸದ್ದಲ್ಲಿ ತುಂಬತ್ತೆ. ಕುಣಿತ ಕುಪ್ಪಳಿಸೋ ಥರ ಕೇಳತ್ತೆ. 1930ರ ದಶಕಕ್ಕೆ ಬರ್ತಿದ್ದ ಹಾಗೆ ಟ್ಯೂಬಾ ಜಾಗಕ್ಕೆ ಡಬಲ್ ಬೇಸ್, ಅಂದ್ರೆ ಆಳೆತ್ತರದ ಪಿಟೀಲಿನ ಆಕಾರದ್ದು, ಬೆರಳಲ್ಲಿ ಮೀಟೋದು, ಬ್ಯಾಂಜೋ ಜಾಗಕ್ಕೆ ಗಿಟಾರ್. ಮೀಟೋಕೆ ಉಸಿರು ಬೇಡ ನೋಡಿ, ಹಾಗಾಗಿ ಬೇಸ್ ನಾಲ್ಕೂ ಎಣಿಕೆಗೆ ಒಂದೊಂದು ಸ್ವರ ಹಾಕ್ತಾ ಮೆಟ್ಟಿಲು ಹತ್ತಿ ಇಳಿಯೋಕೆ ಶುರು ಮಾಡ್ತು, ಇದನ್ನ ವಾಕಿಂಗ್ ಬೇಸ್ ಅಂತಾರೆ. ಕೌಂಟ್ ಬೇಸಿ ಬ್ಯಾಂಡಲ್ಲಿ ವಾಲ್ಟರ್ ಪೇಜ್ ನುಡಿಸಿದ್ದು ಇದಕ್ಕೆ ಒಳ್ಳೇ ಉದಾಹರಣೆ, ಪಕ್ಕದಲ್ಲಿ ಫ್ರೆಡ್ಡಿ ಗ್ರೀನ್ ಗಿಟಾರ್, ಜೋ ಜೋನ್ಸ್ ಡ್ರಮ್. ಡ್ರಮ್ಮಲ್ಲೂ ತಾಳ ಕೆಳಗಿನ ದೊಡ್ಡ ಡ್ರಮ್ಮಿಂದ ಮೇಲಿನ ಹೈ-ಹ್ಯಾಟ್‌ಗೆ, ಅಂದ್ರೆ ಕಾಲಲ್ಲಿ ತುಳಿದು ಮುಚ್ಚೋ ಜೋಡಿ ತಾಳಕ್ಕೆ, ಹತ್ತಿತು. ಸದ್ದು ಹಗುರ ಆಯ್ತು, ತೇಲೋಕೆ ಶುರುವಾಯ್ತು.

ಎಚ್ಚರಿಕೆ: ಜ್ಯಾಕ್ ಲೆಮನ್ ಕೈಯಲ್ಲಿ ಡಬಲ್ ಬೇಸ್ ಕಂಡ ತಕ್ಷಣ "1929ಕ್ಕೆ ಇದು ತಪ್ಪು" ಅಂತ ಬರೀಬೇಡಿ. ನ್ಯೂ ಆರ್ಲಿನ್ಸ್‌ನೋರು ಮೊದಲಿಂದಾನೂ ಅದನ್ನ ನುಡಿಸ್ತಿದ್ರು, ಬೇಸ್ ವಾದಕ ಪಾಪ್ಸ್ ಫಾಸ್ಟರ್ 1929ರಲ್ಲೇ ನ್ಯೂಯಾರ್ಕಿನ ಲೂಯಿಸ್ ರಸೆಲ್ ಬ್ಯಾಂಡಲ್ಲಿ ಅದನ್ನ ಚಟಪಟ ಬಾರಿಸ್ತಿದ್ರು. ವಾದ್ಯ ಇದ್ಯಾ ಅಂತಲ್ಲ, ಅದು ಎರಡಕ್ಕೆ ನಡೀತಿದ್ಯಾ ನಾಲ್ಕಕ್ಕಾ ಅಂತ ಕೇಳಿ. ಮತ್ತೆ ಈ ಸಿನಿಮಾದಲ್ಲಿ ಆ ಬೇಸ್‌ಗೆ ಕಥೆಯಲ್ಲೇ ಕೆಲಸ ಇದೆ, ಶಿಕಾಗೋದಲ್ಲಿ ಬಿದ್ದ ಗುಂಡಿನ ತೂತುಗಳು ಅದರ ಮೈಮೇಲೆ ಹಾಗೇ ಉಳಿದಿರತ್ತೆ, ಫ್ಲೋರಿಡಾ ಹೋಟೆಲಲ್ಲಿ ಗ್ಯಾಂಗ್‌ನೋರು ಅವರನ್ನ ಪತ್ತೆ ಹಚ್ಚೋದು ಆ ತೂತು ನೋಡೇ.

ಹಂತ 4: ಬಾಯಲ್ಲಿ ತಕಿಟ ಹೇಳಿ ನೋಡಿ

ಸ್ವಿಂಗ್ ಅನ್ನೋದು ಕಾಲದ ಹೆಸರೂ ಹೌದು, ನುಡಿಸೋ ನಡೆಯ ಹೆಸರೂ ಹೌದು. ನಡೆ ಅರ್ಥ ಮಾಡ್ಕೊಳ್ಳೋದು ನಮಗೆ ಕಷ್ಟ ಅಲ್ಲ, ತಿಸ್ರ ನಡೆ, ಅಂದ್ರೆ ಒಂದು ಎಣಿಕೆಯನ್ನ ಮೂರು ಪಾಲು ಮಾಡೋದು, ಗೊತ್ತಿದ್ರೆ ಸಾಕು. ಕೈಯಲ್ಲಿ ಒಂದೇ ಸಮ ನಾಲ್ಕು ಎಣಿಕೆ ಹಾಕ್ತಾ ಪ್ರತಿ ಎಣಿಕೆಗೂ ತ-ಕಿ-ಟ ಹೇಳಿ. ಈಗ ಕಿ ನುಂಗಿಬಿಡಿ: ತ…ಟ, ತ…ಟ, ತ…ಟ, ತ…ಟ. ಅದೇ ಸ್ವಿಂಗ್ ನಡೆ, ಮೊದಲನೇದು ಉದ್ದ, ಎರಡನೇದು ಗಿಡ್ಡ. ರ‍್ಯಾಗ್‌ಟೈಮಲ್ಲಿ ಹೀಗಲ್ಲ, ಅಲ್ಲಿ ತಕ ತಕ ಅಂತ ಸಮಸಮ ಪಾಲು. ಪಿಯಾನೋದ ಎಡಗೈ ಗಡಿಯಾರದ ಥರ ನಡೀತಿರತ್ತೆ, ಬಲಗೈ ಮಾತ್ರ ಎಣಿಕೆ ತಪ್ಪಿಸಿ ಒತ್ತು ಹಾಕತ್ತೆ. ಹೀಗೆ ಎಣಿಕೆ ಬಿಟ್ಟು ಮಧ್ಯದಲ್ಲಿ ಒತ್ತು ಬೀಳೋದನ್ನ ಸಿಂಕೋಪೇಶನ್ ಅಂತಾರೆ, ಸಿನಿಮಾದಲ್ಲಿ ಆ ಹೆಂಗಸರ ಬ್ಯಾಂಡಿನ ಹೆಸರಲ್ಲೂ ಅದೇ ಪದ ಇದೆ.

ಎರಡು ಕಡೆ ಜನ ಎಡವ್ತಾರೆ. ಒಂದು, ಚಪ್ಪಾಳೆ ಒಂದು-ಮೂರಕ್ಕೆ ಹಾಕೋದು. ಸ್ವಿಂಗಿಗೆ ಎರಡು ಮತ್ತು ನಾಲ್ಕಕ್ಕೆ ಹಾಕಿ, ಆಗ ಹೈ-ಹ್ಯಾಟ್ ನಿಮ್ಮ ಚಪ್ಪಾಳೆ ಜೊತೇನೇ ಚಿಕ್ ಅನ್ನತ್ತೆ. ಎರಡು, ತುಂಬಾ ಸ್ಪೀಡಾಗಿರೋ ಹಾಡಲ್ಲಿ ತಕಿಟ ಹುಡುಕ್ತಾ ಕೂರೋದು. ವೇಗ ಜಾಸ್ತಿ ಆದಷ್ಟೂ ಉದ್ದ-ಗಿಡ್ಡದ ವ್ಯತ್ಯಾಸ ಕಮ್ಮಿ ಆಗ್ತಾ ಸಮಸಮ ಆಗ್ಬಿಡತ್ತೆ, ಅಂಥ ಕಡೆ ಹಂತ 3ನ್ನೇ ನಂಬಿ.

ಹಂತ 5: ಸದ್ದು ಎಲ್ಲಿಂದ ಬರ್ತಿದೆ ಅಂತ ಪ್ರತಿ ಸಲ ಕೇಳ್ಕೊಳ್ಳಿ

ಪಾತ್ರಗಳಿಗೂ ಕೇಳೋ ಮ್ಯೂಸಿಕ್ ಒಂದು, ನಮಗೆ ಮಾತ್ರ ಕೇಳೋ ಹಿನ್ನೆಲೆ ಸಂಗೀತ ಇನ್ನೊಂದು. ಪಾತ್ರಗಳು ಕೇಳೋ ಮ್ಯೂಸಿಕ್ ಕಥೆಯ ಕಾಲಕ್ಕೆ ನಿಷ್ಠವಾಗಿರ್ಬೇಕು, ಹಿನ್ನೆಲೆಗೆ ಆ ಕಟ್ಟುಪಾಡಿಲ್ಲ. ಇವೆರಡನ್ನ ಬೆರೆಸ್ಕೊಂಡು "ಈ ಸಿನಿಮಾದಲ್ಲಿ ಮ್ಯೂಸಿಕ್ ತಪ್ಪು" ಅಂತ ತೀರ್ಪು ಕೊಡೋರು ಬಹಳ.

ಇಲ್ಲಿ ಹಿನ್ನೆಲೆ ಸಂಗೀತ ಅಡಾಲ್ಫ್ ಡಾಯ್ಚ್ ಅವರದ್ದು, 1941ರ ದಿ ಮಾಲ್ಟೀಸ್ ಫಾಲ್ಕನ್ ಅನ್ನೋ ಪತ್ತೇದಾರಿ ಸಿನಿಮಾಗೂ ಇವರೇ ಸಂಗೀತ ಕೊಟ್ಟಿದ್ದು, ಅಂದ್ರೆ ಗ್ಯಾಂಗ್‌ಸ್ಟರ್ ಭಯ ಹೇಗೆ ಕೇಳಿಸ್ಬೇಕು ಅಂತ ಚೆನ್ನಾಗಿ ಗೊತ್ತಿದ್ದವರು. ಹಾಡುಗಳ ಉಸ್ತುವಾರಿ ಮ್ಯಾಟಿ ಮಾಲ್ನೆಕ್‌ದು. ಈ ಮಾಲ್ನೆಕ್ 1920ರ ದಶಕದಲ್ಲಿ ಪಾಲ್ ವೈಟ್‌ಮನ್ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸ್ತಿದ್ದವರು, ಕಥೆ ನಡೆಯೋ ಕಾಲದಲ್ಲಿ ತಾವೇ ಬ್ಯಾಂಡಲ್ಲಿ ಕೂತಿದ್ದವರು. ಇಂಥವರನ್ನ ಹುಡುಕಿ ಕರ್ಕೊಂಡು ಬಂದಿದ್ದಕ್ಕೇ ರೈಲಿನ ರಿಹರ್ಸಲ್ ದೃಶ್ಯ ಅಷ್ಟು ಜೀವಂತವಾಗಿರೋದು.

ಆ ರೈಲಿನ ದೃಶ್ಯ ತಪ್ಪದೆ ಎರಡು ಸಲ ನೋಡಿ. ಹಾಡು ರನ್ನಿನ್ ವೈಲ್ಡ್, 1922ರದ್ದು, ಹಾಗಾಗಿ 1929ರ ಬ್ಯಾಂಡ್ ಅದನ್ನ ನುಡಿಸೋದ್ರಲ್ಲಿ ಏನೂ ತಪ್ಪಿಲ್ಲ. ಇಕ್ಕಟ್ಟಾದ ಬೋಗಿ, ಮನ್ರೋ ಕೈಯಲ್ಲಿ ಯುಕುಲೇಲಿ ಅನ್ನೋ ಪುಟಾಣಿ ಗಿಟಾರ್ ಥರದ ವಾದ್ಯ, ಹಾಡ್ತಾ ಕುಣೀತಾ ಇರ್ಬೇಕಾದ್ರೆ ಬಟ್ಟೆಯೊಳಗೆ ಬಚ್ಚಿಟ್ಟಿದ್ದ ಹೆಂಡದ ಫ್ಲಾಸ್ಕ್ ಜಾರಿ ನೆಲಕ್ಕೆ ಬೀಳತ್ತೆ. ಪಾನನಿಷೇಧ, ಕೆಲಸ ಹೋಗೋ ಭಯ, ಜಾಝ್ ಮೂರೂ ಒಂದೇ ಕ್ಷಣದಲ್ಲಿ ಬಂದು ನಿಲ್ಲತ್ತೆ, ಕಥೆ ಮುಂದಕ್ಕೆ ಹೋಗೋದೂ ಅಲ್ಲಿಂದಾನೇ.

ಹಂತ 6: ಹಾಟ್ ಮತ್ತು ಸ್ವೀಟ್ ಬೇರೆ ಮಾಡಿ

ಆ ಕಾಲದ ಬ್ಯಾಂಡ್‌ನೋರೇ ಬಳಸ್ತಿದ್ದ ಎರಡು ಮಾತು ಇವು. ಹಾಟ್ ಅಂದ್ರೆ ಜೋರು ತಾಳ, ಸ್ಥಳದಲ್ಲೇ ಕಟ್ಟಿ ನುಡಿಸೋ ಮನೋಧರ್ಮ, ಒರಟು ದನಿ. ಸ್ವೀಟ್ ಅಂದ್ರೆ ಬರ್ಕೊಂಡಿದ್ದನ್ನ ಹಾಗೇ ನಯವಾಗಿ ನುಡಿಸೋದು, ಪಿಟೀಲು ಜಾಸ್ತಿ, ದೊಡ್ಡ ಹೋಟೆಲಲ್ಲಿ ಊಟ ಮಾಡೋರಿಗೆ ತೊಂದ್ರೆ ಆಗ್ಬಾರ್ದು ಅಂತ. ಫ್ಲೋರಿಡಾ ಹೋಟೆಲಿಗೆ ಹೋದ್ಮೇಲೆ ಬ್ಯಾಂಡಿನ ದನಿ ರೈಲಲ್ಲಿ ಇದ್ದಷ್ಟು ಬಿಸಿ ಇರಲ್ಲ, ಗಮನಿಸಿ. ಶ್ರೀಮಂತನ ವೇಷ ಹಾಕಿದ ಟೋನಿ ಕರ್ಟಿಸ್ ಪಾತ್ರ ತನಗೆ ಶಾಸ್ತ್ರೀಯ ಸಂಗೀತವೇ ಇಷ್ಟ ಅಂತ ಬಿಗಿಯಾಗಿ ಹೇಳೋದು ಇದೇ ಕಾರಣಕ್ಕೆ, ಆಗ ಜಾಝ್ ಇಷ್ಟ ಅಂದ್ರೆ ದೊಡ್ಡ ಮನೆತನದ ಹುಡುಗ ಅನ್ನಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ.

ಹಂತ 7: ಪ್ರತಿ ಹಾಡಿನ ಹುಟ್ಟಿದ ಇಸವಿ ಹುಡುಕಿ

ಹಾಡಿನ ಹೆಸರು ಗೊತ್ತಾದ್ಮೇಲೆ ಅದನ್ನ ಬರೆದ ಇಸವಿ ನೋಡ್ಕೊಳ್ಳಿ. ಇಲ್ಲಿ ಎಲ್ರೂ ಮಾಡೋ ತಪ್ಪು ಏನಂದ್ರೆ, ಆ್ಯಪಲ್ಲಿ ಹಾಡಿನ ಕೆಳಗೆ ಕಾಣೋ ಇಸವಿಯನ್ನ ನಂಬೋದು. ಅದು ಹೆಚ್ಚಾಗಿ ಆ ಆಲ್ಬಮ್ ಮತ್ತೆ ಬಿಡುಗಡೆಯಾದ ಇಸವಿ, ಹಾಡು ಹುಟ್ಟಿದ್ದಲ್ಲ. ಬರೆದ ಇಸವಿ, ಮೊದಲು ರೆಕಾರ್ಡ್ ಆದ ಇಸವಿ, ಈ ಸಿನಿಮಾಗೆ ರೆಕಾರ್ಡ್ ಮಾಡಿದ ಇಸವಿ ಮೂರೂ ಬೇರೆ ಬೇರೆ.

ಐ ವಾನಾ ಬಿ ಲವ್ಡ್ ಬೈ ಯೂ 1928ರದ್ದು, ಸರಿಹೋಯ್ತು. ಆದ್ರೆ ಕೊನೇ ಕಡೆ ಮನ್ರೋ ಒಬ್ಬಳೇ ಕೂತು ಹಾಡೋ ಐಯಾಮ್ ಥ್ರೂ ವಿತ್ ಲವ್ 1931ರದ್ದು, ಕಥೆ ನಡೆಯೋವಾಗ ಆ ಹಾಡು ಹುಟ್ಟೇ ಇರ್ಲಿಲ್ಲ. ಅದರ ಸಂಗೀತ ಕಟ್ಟಿದವರಲ್ಲಿ ಒಬ್ಬರು ಯಾರು ಅಂದ್ರೆ ಇದೇ ಮ್ಯಾಟಿ ಮಾಲ್ನೆಕ್! ದೋಣಿಯ ಪ್ರೇಮ ದೃಶ್ಯದಲ್ಲಿ ಕೇಳೋ ಸ್ಟೇರ್‌ವೇ ಟು ದ ಸ್ಟಾರ್ಸ್ ಕೂಡ ಅವರದ್ದೇ, 1939ರದ್ದು, ಕಥೆಗಿಂತ ಹತ್ತು ವರ್ಷ ಈಚಿನದು. ಇದು ತಪ್ಪೇ, ಆದ್ರೆ ಸಿನಿಮಾಗೆ ಇದ್ರಿಂದ ನಷ್ಟ ಆಗಿಲ್ಲ ಅಂತ ನನ್ನ ಅಭಿಪ್ರಾಯ. ನಿಧಾನದ ವಿರಹದ ಹಾಡಲ್ಲಿ ತಾಳ ಹಿಂದೆ ಸರಿದು ದನಿಯೇ ಮುಂದೆ ಇರತ್ತೆ, ಹಾಗಾಗಿ ಐಯಾಮ್ ಥ್ರೂ ವಿತ್ ಲವ್‌ನ ಎರಡು ವರ್ಷದ ವ್ಯತ್ಯಾಸ ಕಿವಿಗೆ ಚುಚ್ಚಲ್ಲ. ಇದೇ ತಪ್ಪನ್ನ ಜೋರು ಕುಣಿತದ ಹಾಡಲ್ಲಿ ಮಾಡಿದ್ರೆ ತಕ್ಷಣ ಗೊತ್ತಾಗಿಬಿಡ್ತಿತ್ತು.

ಹಂತ 8: ನಗುವಿನ ಲೆಕ್ಕ ಕೇಳಿ

ಕ್ರೈಮ್ ಆಯ್ತು, ಕಾಮಿಡಿ ಎಲ್ಲಿ? ಮೊದಲು ಮ್ಯೂಟ್ ಗುರುತಿಸಿ, ಟ್ರಂಪೆಟ್ ಟ್ರಾಂಬೋನ್‌ಗಳ ಬಾಯಿಗೆ ಹಿಡಿಯೋ ಮುಚ್ಚಳ ಅದು, ತೆಗೆದು ಹಾಕಿ ಮಾಡಿದ್ರೆ ವಾ-ವಾ ಅಂತ ಅಳೋ ನಗೋ ಸದ್ದು ಬರತ್ತೆ. ಟ್ರಾಂಬೋನ್ ಜಾರು ಎಳೆದ್ರೆ ಯಾರೋ ಜಾರಿ ಬಿದ್ದ ಹಾಗೆ. ಪಾತ್ರದ ಪ್ರತಿ ಹೆಜ್ಜೆಗೂ ಸರಿಯಾಗಿ ಸದ್ದು ಹಾಕೋದನ್ನ ಮಿಕ್ಕಿ-ಮೌಸಿಂಗ್ ಅಂತಾರೆ, ಕಾರ್ಟೂನಿಂದ ಬಂದ ಹೆಸರು. ಇದನ್ನ ಜಾಸ್ತಿ ಮಾಡಿದ್ರೆ ಸಿನಿಮಾ ಸಪ್ಪೆಯಾಗತ್ತೆ, ಒಳ್ಳೇ ಕಾಮಿಡಿಗಳು ಇದನ್ನ ಕೈ ಬಿಗಿ ಹಿಡಿದೇ ಬಳಸೋದು.

ಅದಕ್ಕಿಂತ ದೊಡ್ಡ ಕೆಲಸ ನಡೆಯೋದು ಲಯದಲ್ಲಿ. ಹೆಣ್ಣು ವೇಷದ ಲೆಮನ್ ಮುದುಕ ಕೋಟ್ಯಧಿಪತಿ ಜೊತೆ ಟ್ಯಾಂಗೋ ಕುಣಿಯೋ ದೃಶ್ಯದಲ್ಲಿ ಬರೋದು ಲಾ ಕುಂಪರ್ಸೀತಾ, ಉರುಗ್ವೆಯ ಗೆರಾರ್ಡೊ ಮಾಟೋಸ್ ರೊಡ್ರಿಗೆಸ್ ಕಟ್ಟಿದ್ದು, 1910ರ ದಶಕದ್ದು. ಅಲ್ಲಿಂದ ಕ್ಯಾಮರಾ ಸರ್‍ರಂತ ತಿರುಗಿ ದೋಣಿಯ ನಿಧಾನದ ಪ್ರೇಮಕ್ಕೆ, ಮತ್ತೆ ಸರ್‍ರಂತ ಟ್ಯಾಂಗೋಗೆ. ಎರಡು ಲಯ ಒಂದಕ್ಕೊಂದು ಢಿಕ್ಕಿ ಹೊಡೆಯೋದ್ರಿಂದಲೇ ನಗು ಹುಟ್ಟೋದು, ಕಣ್ಣು ಮುಚ್ಚಿ ಕೇಳಿದ್ರೂ ನಗು ಬರತ್ತೆ.

ಅದರ ಮುಂದಿನ ದೃಶ್ಯ ನೋಡಿ. ತನಗೆ ನಿಶ್ಚಿತಾರ್ಥ ಆಯ್ತು ಅಂತ ಲೆಮನ್ ಹೇಳೋವಾಗ ಕೈಯಲ್ಲಿ ಮರಾಕಾ ಇರತ್ತೆ, ಕಾಳು ತುಂಬಿದ ಗಿಲಕಿ. ಒಂದು ಮಾತು, ಆಮೇಲೆ ಗಿಲಕಿ ಆಡಿಸ್ತಾ ಒಂದು ಸುತ್ತು ಕುಣಿತ, ಮತ್ತೆ ಒಂದು ಮಾತು. ಥಿಯೇಟರಲ್ಲಿ ಜನ ನಗೋ ಸದ್ದಲ್ಲಿ ಮುಂದಿನ ಮಾತು ಮುಚ್ಚಿಹೋಗಬಾರ್ದು ಅಂತ ವೈಲ್ಡರ್ ಬೇಕಂತಲೇ ಇಟ್ಟ ಬಿಡುವು ಅದು. ಒಂದು ಜೊತೆ ಗಿಲಕಿಯಿಂದ ಇಡೀ ದೃಶ್ಯದ ತಾಳ ನಿಂತಿದೆ.

ಹಂತ 9: ಇದೇ ಪರೀಕ್ಷೆ ಇನ್ನೊಂದು ಸಿನಿಮಾಗೆ ಮಾಡಿ

1973ರ ದಿ ಸ್ಟಿಂಗ್ ತಗೊಳ್ಳಿ, ಕಥೆ 1936ರ ಶಿಕಾಗೋ ಸುತ್ತಮುತ್ತ, ಮೋಸಗಾರರ ಆಟ. ಹೆಡ್‌ಫೋನ್ ಹಾಕಿ ಹಂತ 3, 4 ಮಾಡಿದ್ರೆ ತಕ್ಷಣ ಗೊತ್ತಾಗತ್ತೆ, ತಕ ತಕ ನಡೆ, ಪಿಯಾನೋ, ವಾಕಿಂಗ್ ಬೇಸ್ ಇಲ್ಲ. ಅದು ರ‍್ಯಾಗ್‌ಟೈಮ್. ಮುಖ್ಯ ರಾಗ ದಿ ಎಂಟರ್‌ಟೇನರ್ 1902ರದ್ದು, ಅದನ್ನ ಬರೆದ ಸ್ಕಾಟ್ ಜೋಪ್ಲಿನ್ ತೀರ್ಕೊಂಡಿದ್ದು 1917ರಲ್ಲಿ. ಅದೇ 1936ರ ಕೊನೇಲಿ ಅದೇ ಶಿಕಾಗೋದ ಗ್ರ್ಯಾಂಡ್ ಟೆರೇಸಲ್ಲಿ ಕೌಂಟ್ ಬೇಸಿ ಬ್ಯಾಂಡ್ ನುಡಿಸ್ತಿತ್ತು. ಅಂದ್ರೆ ಕಾಲದ ಪ್ರಕಾರ ಮ್ಯೂಸಿಕ್ ಮೂವತ್ತು ವರ್ಷಕ್ಕೂ ಹಿಂದಿನದು, ಆದ್ರೂ ಸಂಗೀತ ಹೊಂದಿಸಿದ ಮಾರ್ವಿನ್ ಹ್ಯಾಮ್ಲಿಶ್‌ಗೆ ಆಸ್ಕರ್ ಬಂತು, ದಿ ಎಂಟರ್‌ಟೇನರ್ 1974ರಲ್ಲಿ ಅಮೆರಿಕದ ಹಿಟ್ ಪಟ್ಟಿಯ ಮೂರನೇ ಸ್ಥಾನಕ್ಕೆ ಹೋಯ್ತು. ಅಲ್ಲಿ ಆ ರಾಗ ಬರೋದು ಹಿನ್ನೆಲೆಯಾಗಿ, ಹಂತ 5 ನೆನಪು ಮಾಡ್ಕೊಳ್ಳಿ, ಪಾತ್ರಗಳಿಗೆ ಅದು ಕೇಳ್ತಿಲ್ಲ. ಒಂದೊಂದೇ ಹೆಜ್ಜೆ ಅಳೆದು ಇಡೋ ಮೋಸದಾಟಕ್ಕೆ ಅವಸರವಿಲ್ಲದ ಆ ನಡೆ ಚೆನ್ನಾಗಿ ಒಪ್ಪತ್ತೆ, ಜೋಪ್ಲಿನ್ ಸ್ವತಃ ರ‍್ಯಾಗ್‌ಟೈಮನ್ನ ವೇಗವಾಗಿ ನುಡಿಸ್ಬೇಡಿ ಅಂತ ಹೇಳ್ತಿದ್ದವರು.

ಕಿವಿ ಪಳಗಿಸೋಕೆ ಸಿನಿಮಾ ಬಿಟ್ಟು ಏನು ಕೇಳ್ಬೇಕು ಅನ್ನೋರಿಗೆ ಈ ಕ್ರಮ: ಕಿಂಗ್ ಆಲಿವರ್ ಬ್ಯಾಂಡಿನ 1923ರ ರೆಕಾರ್ಡ್‌ಗಳು, ಆಮೇಲೆ ಆರ್ಮ್‌ಸ್ಟ್ರಾಂಗ್ ಹಾಟ್ ಫೈವ್, ಎಲಿಂಗ್ಟನ್‌ರ ಕಾಟನ್ ಕ್ಲಬ್ ಕಾಲದ್ದು, ಗುಡ್‌ಮನ್ 1935, ಬೇಸಿ 1937. ಒಂದು ಹಾಡು ಸುಮಾರು ಮೂರೇ ನಿಮಿಷ, ಆಗಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡೀತಿದ್ದಿದ್ದೇ ಅಷ್ಟು. 1925ಕ್ಕಿಂತ ಹಿಂದಿನ ರೆಕಾರ್ಡಲ್ಲಿ ಬೇಸ್ ಕೇಳ್ಸಲಿಲ್ಲ ಅಂತ ಹೆಡ್‌ಫೋನ್ ಬೈಬೇಡಿ, ಆಗ ಮೈಕ್ ಇರ್ಲಿಲ್ಲ, ಕೊಳವೆ ಮುಂದೆ ನಿಂತು ನುಡಿಸ್ತಿದ್ರು, ತಳದ ಸ್ವರ ತಟ್ಟೆಗೆ ಸರಿಯಾಗಿ ಇಳೀತಾನೇ ಇರ್ಲಿಲ್ಲ. ಇದೇ ಅಲೆ ನಮ್ಮ ಕಡೆಗೂ ಬಂದಿತ್ತು, 1935ರಲ್ಲಿ ಅಮೆರಿಕದ ಲಿಯಾನ್ ಆ್ಯಬಿ ಬ್ಯಾಂಡ್ ಬಾಂಬೆಯ ತಾಜ್ ಹೋಟೆಲಿಗೆ ಬಂತು, ಆಮೇಲೆ ಗೋವಾದ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಥರದವರು ಆ ಸದ್ದನ್ನ ಸಿ. ರಾಮಚಂದ್ರ ಅವರ ಹಿಂದಿ ಹಾಡುಗಳ ಒಳಗೆ ತಂದ್ರು. ಅವನ್ನೂ ಇದೇ ಹಂತಗಳಲ್ಲಿ ಕೇಳ್ಬಹುದು, ಹಂತ 3ರಿಂದ ಶುರು ಮಾಡಿ.